ಒಂದೇ ಹೆಸರಿನಡಿ 36 ಪ್ರತಿ: ಎಸ್3 ವರ್ಷನಿಂಗ್ ನೆಚ್ಚಿದ ಒಂದು ವರ್ಡ್‌ಪ್ರೆಸ್ ತಾಣದ ಬ್ಯಾಕಪ್

ತಾಣ ಕೆಡುವ ದಿನಕ್ಕೂ ಅದು ಕೆಟ್ಟಿದೆ ಎಂದು ಗೊತ್ತಾಗುವ ದಿನಕ್ಕೂ ನಡುವೆ ಎಷ್ಟೋ ಸಲ ವಾರಗಳೇ ಸರಿದಿರುತ್ತವೆ. ಹಿಂದಿನ ಪ್ರತಿಯ ಮೇಲೇ ಹೊಸದನ್ನು ಬರೆಯುವ ಬ್ಯಾಕಪ್ ಇದ್ದರೆ, ಅಷ್ಟೂ ದಿನ ಅದು ಕೆಟ್ಟದ್ದನ್ನು ತಪ್ಪದೆ ನಕಲು ಮಾಡಿ ಒಳ್ಳೆಯದನ್ನು ಒರೆಸಿ ಹಾಕಿರುತ್ತದೆ. ಫೈಲ್‌ಗಳನ್ನು ಬಾಡಿಗೆಗೆ ಇಟ್ಟುಕೊಳ್ಳುವ ಅಮೆಜಾನ್ ಎಸ್3 ಸೇವೆಯಲ್ಲಿ 2010ರಿಂದ ಇರುವ ವರ್ಷನಿಂಗ್ (ಹಳೆಯ ಪ್ರತಿಗಳನ್ನೂ ಉಳಿಸಿಕೊಳ್ಳುವ) ಸೌಲಭ್ಯ ಈ ತೊಂದರೆಗೆ ಅಗ್ಗದ ಮದ್ದು. ಆದರೆ ಬಕೆಟ್‌ನಲ್ಲಿ (ಎಸ್3ಯಲ್ಲಿ ಫೈಲ್‌ಗಳನ್ನು ಇಡುವ ಡಬ್ಬಿ) ಅದನ್ನು ಆನ್ ಮಾಡುವುದು ಒಂದು ನಿಮಿಷದ ಕೆಲಸ; ಉಪಯೋಗಕ್ಕೆ ಬರುವಂತೆ ಮಾಡುವುದು ಬೇರೆಯೇ ಕೆಲಸ. ಆ ಎರಡನೆಯ ಕೆಲಸವನ್ನು ಇಲ್ಲಿ ಒಂದು ಮಾದರಿ ತಾಣದ ಮೇಲೆ ಅಂಕಿಗಳ ಸಮೇತ ಬಿಡಿಸಿ ನೋಡಿದೆ.

ತಾಣ ಇಂಥದ್ದು ಎಂದಿಟ್ಟುಕೊಳ್ಳಿ. ಕನ್ನಡದ ಒಂದು ಅಂತರ್ಜಾಲ ಪತ್ರಿಕೆ, ತಾಣ ನಡೆಸುವ ವರ್ಡ್‌ಪ್ರೆಸ್ ತಂತ್ರಾಂಶ ಮತ್ತು ಅದರ ಡೇಟಾಬೇಸ್ ಮರಿಯಾಡಿಬಿ, 2 ಜಿಬಿ ರ‍್ಯಾಮ್ ಮತ್ತು 40 ಜಿಬಿ ಡಿಸ್ಕ್ ಇರುವ ಒಂದೇ ಬಾಡಿಗೆ ಸರ್ವರ್. ಡೇಟಾಬೇಸ್ ಡಂಪ್ (ಅದರಲ್ಲಿರುವುದನ್ನೆಲ್ಲ ಒಂದು ಫೈಲಿಗೆ ಇಳಿಸಿದ ಪ್ರತಿ) ಜಿಜಿಪ್‌ನಿಂದ ಕುಗ್ಗಿಸಿದ ಮೇಲೆ 180 ಎಂಬಿ. ಅಪ್‌ಲೋಡ್ಸ್ ಫೋಲ್ಡರ್ 14 ಜಿಬಿ, ಅದರಲ್ಲಿ ಸುಮಾರು 60,000 ಫೈಲ್: ಹಾಕಿದ ಒಂದೊಂದು ಚಿತ್ರಕ್ಕೂ ವರ್ಡ್‌ಪ್ರೆಸ್ ಹಲವು ಅಳತೆಯ ಮರಿಚಿತ್ರಗಳನ್ನು ಮಾಡಿಡುವುದರಿಂದ ಎಣಿಕೆ ಹೀಗೆ ಏರುತ್ತದೆ. ತಾಣಕ್ಕೆ ರೂಪ ಕೊಡುವ ಥೀಮ್ ಮತ್ತು ಹೆಚ್ಚಿನ ಸೌಲಭ್ಯ ಸೇರಿಸುವ ಪ್ಲಗಿನ್ ಸೇರಿ 400 ಎಂಬಿ. ಹಳೆಯ ವ್ಯವಸ್ಥೆಯಲ್ಲಿ ರಾತ್ರಿ 2 ಗಂಟೆಗೆ ಇಡೀ ತಾಣವನ್ನು ಒಂದು ಟಾರ್ ಫೈಲಿಗೆ ಕಟ್ಟಿ ಅದೇ ಸರ್ವರ್‌ನ ಇನ್ನೊಂದು ಫೋಲ್ಡರ್‌ಗೆ ಹಾಕಲಾಗುತ್ತಿತ್ತು. ಡಿಸ್ಕ್‌ನಲ್ಲಿ ಜಾಗ ಸಾಲದೆ ಒಂದೇ ಒಂದು ಟಾರ್ ಉಳಿಯುತ್ತಿತ್ತು. ಅದನ್ನು ಬ್ಯಾಕಪ್ ಎನ್ನುವುದು ಸಮಾಧಾನಕ್ಕೆ ಮಾತ್ರ.

ವರ್ಷನಿಂಗ್ ಒಳಗೆ ನಡೆಯುವುದು ಏನು

ವರ್ಷನಿಂಗ್ ಆನ್ ಇರುವ ಬಕೆಟ್‌ನಲ್ಲಿ ಒಂದೇ ಹೆಸರಿಗೆ ಎರಡನೇ ಸಲ ಫೈಲ್ ಕಳಿಸಿದರೆ ಮೊದಲನೆಯದು ಅಳಿಯುವುದಿಲ್ಲ. ಅದು ಹಳೆಯ ಆವೃತ್ತಿಯಾಗಿ ಹಿಂದೆ ಸರಿಯುತ್ತದೆ, ಹೊಸದು ಮುಂದೆ ಬರುತ್ತದೆ, ಎರಡಕ್ಕೂ ಬೇರೆ ಬೇರೆ ವರ್ಷನ್ ಐಡಿ ಇರುತ್ತದೆ. ಅಳಿಸಿದರೂ ಅಷ್ಟೆ: ಐಡಿ ಹೇಳದೆ ಡಿಲೀಟ್ ಎಂದರೆ ಎಸ್3 ಮೇಲೊಂದು ಡಿಲೀಟ್ ಮಾರ್ಕರ್ ಇಡುತ್ತದೆ. ಫೈಲ್ ಕೇಳಿದವರಿಗೆ 404 ಸಿಗುತ್ತದೆ, ಸರಕು ಮಾತ್ರ ಅಡಿಯಲ್ಲೇ ಇರುತ್ತದೆ. ಮಾರ್ಕರ್ ತೆಗೆದರೆ ಫೈಲ್ ಮತ್ತೆ ಕಾಣುತ್ತದೆ. ನಿಜವಾಗಿ ಅಳಿಸಬೇಕಾದರೆ ವರ್ಷನ್ ಐಡಿ ಹೆಸರಿಸಿಯೇ ಅಳಿಸಬೇಕು, ಅದಕ್ಕೆ ಬೇರೆಯೇ ಅನುಮತಿ ಬೇಕು. ಈ ಕೊನೆಯ ಮಾತು ಇಡೀ ವ್ಯವಸ್ಥೆಯ ಬೆನ್ನೆಲುಬು. ಮುಂದೆ ಮತ್ತೆ ಬರುತ್ತದೆ.

ಮೊದಲೇ ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಒಮ್ಮೆ ಆನ್ ಮಾಡಿದ ಬಕೆಟ್ ಮತ್ತೆ ಮೊದಲಿನ ಸ್ಥಿತಿಗೆ ಹೋಗುವುದಿಲ್ಲ, ಅಮಾನತಿನಲ್ಲಿ ಇಡಬಹುದು ಅಷ್ಟೆ. ಮೊದಲ ಸಲ ಆನ್ ಮಾಡಿದಾಗ 15 ನಿಮಿಷ ಕಾದು ಆಮೇಲೆ ಬರೆಯಲು ಶುರು ಮಾಡಿ ಎಂಬುದು ಅಮೆಜಾನ್‌ನದೇ ಸಲಹೆ. ಮತ್ತು ಪ್ರತಿ ಆವೃತ್ತಿಯೂ ಇಡಿಯ ಪ್ರತಿ. ಬದಲಾದ ಭಾಗವನ್ನಷ್ಟೇ ಉಳಿಸುವ ಜಾಣತನ ಎಸ್3ಗೆ ಇಲ್ಲ. ಒಂದಕ್ಷರವೂ ಬದಲಾಗದ ಫೈಲನ್ನು ಮತ್ತೆ ಕಳಿಸಿದರೂ ಹೊಸ ಆವೃತ್ತಿ, ಹೊಸ ಬಾಡಿಗೆ.

ಹಳೆಯ ಟಾರ್ ಪದ್ಧತಿಯನ್ನು ಹಾಗೇ ಬಕೆಟ್‌ಗೆ ತಿರುಗಿಸಿದರೆ ತಪ್ಪಾಗುವುದು ಇಲ್ಲೇ. 35 ದಿನದ ಹಳೆಯ ಪ್ರತಿ, ಜೊತೆಗೆ ಇವತ್ತಿನದು, ಒಟ್ಟು 36. ಒಂದು ಟಾರ್ 15 ಜಿಬಿ ಎಂದರೆ 540 ಜಿಬಿ. ಮುಂಬೈ ಪ್ರದೇಶದ ಸ್ಟ್ಯಾಂಡರ್ಡ್ ದರ ತಿಂಗಳಿಗೆ ಜಿಬಿಗೆ 0.025 ಡಾಲರ್ ಎಂದು ಹಿಡಿದರೆ 13.50 ಡಾಲರ್. ಅದೇ ತಾಣವನ್ನು ಬಿಡಿ ಫೈಲ್‌ಗಳಾಗಿ ಕಳಿಸಿದರೆ ಅಪ್‌ಲೋಡ್ಸ್ ಮತ್ತು ಥೀಮ್-ಪ್ಲಗಿನ್ ಸೇರಿ 14.4 ಜಿಬಿ, ಡಂಪ್‌ನ 36 ಪ್ರತಿ 6.5 ಜಿಬಿ, ತಿಂಗಳಲ್ಲಿ ಬದಲಾದ ಫೈಲ್‌ಗಳ ಹಳೆಯ ಆವೃತ್ತಿಗೆ ಒಂದು ಜಿಬಿ ಬಿಟ್ಟರೂ 22 ಜಿಬಿ ಒಳಗೆ. 0.55 ಡಾಲರ್. 60,000 ಫೈಲ್ ಮೊದಲ ಸಲ ಕಳಿಸುವ ವಿನಂತಿಗಳ ಖರ್ಚು, ಸಾವಿರಕ್ಕೆ 0.005 ಡಾಲರ್‌ನಂತೆ, 30 ಸೆಂಟ್. ಅದು ಒಂದು ಸಲದ್ದು.

ಹಣಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಟಾರ್ ಒಳಗಿನ ಒಂದು ಫೈಲ್ ಯಾವತ್ತು ಬದಲಾಯಿತು ಎಂದು ಬಕೆಟ್‌ಗೆ ಗೊತ್ತಿರುವುದಿಲ್ಲ. ಬಿಡಿ ಫೈಲ್ ಆದರೆ ಗೊತ್ತಿರುತ್ತದೆ.

ಹೆಸರಿಡುವ ವಿಚಾರ

ಡಂಪ್‌ಗೆ ದಿನಾಂಕ ಸೇರಿಸಿದ ಹೆಸರಿಡುವುದು ಎಲ್ಲರ ಅಭ್ಯಾಸ. ಅದರ ಜೊತೆಗೆ "30 ದಿನ ದಾಟಿದ ಫೈಲ್ ಅಳಿಸು" ಎಂಬ ಲೈಫ್‌ಸೈಕಲ್ ನಿಯಮವನ್ನೂ (ಎಸ್3 ತಾನಾಗಿ ಜಾರಿ ಮಾಡುವ ಅವಧಿಯ ನಿಯಮ) ಹಾಕಿರುತ್ತಾರೆ. ಕ್ರಾನ್ ಕೆಲಸ, ಅಂದರೆ ಗೊತ್ತಾದ ಹೊತ್ತಿಗೆ ತಾನಾಗಿ ಓಡುವ ಬ್ಯಾಕಪ್, ಯಾವುದೋ ಕಾರಣಕ್ಕೆ ನಿಂತಿತು ಎನ್ನಿ. ಯಾರೂ ಗಮನಿಸಲಿಲ್ಲ. ನಿಯಮ ಮಾತ್ರ ನಿಲ್ಲುವುದಿಲ್ಲ. 31ನೇ ದಿನಕ್ಕೆ ಬಕೆಟ್ ಖಾಲಿ.

ಒಂದೇ ಸ್ಥಿರ ಹೆಸರಿಟ್ಟು, ಹಳೆಯ ಆವೃತ್ತಿಗಳಿಗೆ ಮಾತ್ರ ಅನ್ವಯಿಸುವ ನಿಯಮ ಹಾಕಿದರೆ ಈ ಅನಾಹುತ ಆಗುವುದಿಲ್ಲ. ಈಗಿನ ಆವೃತ್ತಿಯನ್ನು ಆ ನಿಯಮ ಮುಟ್ಟುವುದೇ ಇಲ್ಲ. ಕ್ರಾನ್ ವರ್ಷಗಟ್ಟಲೆ ನಿಂತರೂ ಕೊನೆಯ ಡಂಪ್ ಕೂತೇ ಇರುತ್ತದೆ. ನಿಯಮದಲ್ಲಿ ಎರಡು ಸಂಖ್ಯೆ ಕೊಡಬಹುದು: ಹಳೆಯದಾಗಿ ಎಷ್ಟು ದಿನ ಆಗಿರಬೇಕು, ಮತ್ತು ಎಷ್ಟೇ ದಿನ ಆದರೂ ಹಳೆಯ ಆವೃತ್ತಿಗಳಲ್ಲಿ ತೀರ ಇತ್ತೀಚಿನ ಎಷ್ಟನ್ನು ಉಳಿಸಬೇಕು. ಎರಡನೆಯದು 2021ರ ನವೆಂಬರ್‌ನಲ್ಲಿ ಬಂತು, 1ರಿಂದ 100ರವರೆಗೆ ಕೊಡಬಹುದು. ಇಲ್ಲಿ 35 ದಿನ, 7 ಆವೃತ್ತಿ. ಎರಡೂ ಷರತ್ತು ಮೀರಿದ ಆವೃತ್ತಿ ಮಾತ್ರ ಅಳಿಯುತ್ತದೆ.

ದಿನದ ಎಣಿಕೆ ಫೈಲ್ ಹುಟ್ಟಿದ ದಿನದಿಂದ ಶುರುವಾಗುವುದಿಲ್ಲ, ಅದರ ಮೇಲೆ ಮತ್ತೊಂದು ಬಂದು ಕೂತ ದಿನದಿಂದ ಶುರುವಾಗುತ್ತದೆ. ಮೂರು ವರ್ಷದ ಹಿಂದೆ ಹಾಕಿದ ಚಿತ್ರವನ್ನು ಇವತ್ತು ಯಾರೋ ಕೆಡಿಸಿದರೆ, ಒಳ್ಳೆಯ ಪ್ರತಿಗೆ ಇವತ್ತಿನಿಂದ ಕಡಿಮೆಯೆಂದರೂ 35 ದಿನ ಆಯುಷ್ಯ. ಅವಧಿ ಮುಗಿಯುವುದು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಮಧ್ಯರಾತ್ರಿಗೆ, ಅಂದರೆ ನಮ್ಮ ಬೆಳಿಗ್ಗೆ 5.30ಕ್ಕೆ.

35 ದಿನಕ್ಕಿಂತ ಹಿಂದೆ ಹೋಗಬೇಕಾದ ಪ್ರಸಂಗವೂ ಬರುತ್ತದೆ. ಅದಕ್ಕೆ ತಿಂಗಳ ಮೊದಲ ದಿನದ ಡಂಪನ್ನು ಮಾತ್ರ ದಿನಾಂಕದ ಹೆಸರಿನಲ್ಲಿ ಬೇರೆ ಫೋಲ್ಡರ್‌ಗೆ ಇನ್ನೊಂದು ಪ್ರತಿಯಾಗಿ ಹಾಕಿ, 400 ದಿನದ ನಿಯಮ ಕೊಡಲಾಗಿದೆ. 13 ಪ್ರತಿ, 2.3 ಜಿಬಿ. ಹಳೆಯ ಆವೃತ್ತಿಗಳನ್ನು ಅಗ್ಗದ ಸ್ಟ್ಯಾಂಡರ್ಡ್-ಐಎ ವರ್ಗಕ್ಕೆ ಸಾಗಿಸಬಾರದೇ ಎಂಬ ಪ್ರಶ್ನೆ ಬರುತ್ತದೆ. ಬೇಡ. ಅಲ್ಲಿ ಕನಿಷ್ಠ 30 ದಿನದ ಬಾಡಿಗೆ ಕಟ್ಟಲೇಬೇಕು, 128 ಕೆಬಿಗಿಂತ ಚಿಕ್ಕ ಫೈಲಿಗೂ 128 ಕೆಬಿಯದೇ ಲೆಕ್ಕ. ಮರಿಚಿತ್ರಗಳ ರಾಶಿಗೆ ಅದು ನಷ್ಟದ ವ್ಯಾಪಾರ.

ಇನ್ನೆರಡು ನಿಯಮಗಳನ್ನು ಮರೆಯಬಾರದು. ಅಡಿಯಲ್ಲಿ ಯಾವ ಆವೃತ್ತಿಯೂ ಉಳಿಯದ ಒಂಟಿ ಡಿಲೀಟ್ ಮಾರ್ಕರ್‌ಗಳನ್ನು ತೆಗೆಯುವುದು ಒಂದು. ಅರ್ಧಕ್ಕೆ ನಿಂತ ಮಲ್ಟಿಪಾರ್ಟ್ (ತುಂಡು ತುಂಡಾಗಿ ಕಳಿಸುವ) ಅಪ್‌ಲೋಡ್‌ಗಳನ್ನು 7 ದಿನಕ್ಕೆ ರದ್ದು ಮಾಡುವುದು ಇನ್ನೊಂದು. ಅರೆಬರೆ ತುಂಡುಗಳು ಮಾಮೂಲಿ ಪಟ್ಟಿಯಲ್ಲಿ ಕಾಣುವುದಿಲ್ಲ, ಬಿಲ್‌ನಲ್ಲಿ ಮಾತ್ರ ಕಾಣುತ್ತವೆ.

ರಾತ್ರಿಯ ಕೆಲಸ, ಕ್ರಮವಾಗಿ

2 ಗಂಟೆಗೆ ಡಂಪ್, ಅದು ಮುಗಿದ ಮೇಲೆ ಫೈಲ್‌ಗಳು. ಈ ಕ್ರಮ ತಿರುಗಾಮುರುಗಾ ಆಗಬಾರದು. ಡಂಪ್ ಮೊದಲಾದರೆ, ಅದರಲ್ಲಿ ಹೆಸರು ಬಂದಿರುವ ಚಿತ್ರ ಆಗಲೇ ಡಿಸ್ಕ್‌ನಲ್ಲಿ ಇರುತ್ತದೆ, ಮುಂದಿನ ಹೆಜ್ಜೆಯಲ್ಲಿ ಬಕೆಟ್‌ಗೂ ಸೇರುತ್ತದೆ. ಫೈಲ್ ಮೊದಲು ಕಳಿಸಿ ಆಮೇಲೆ ಡಂಪ್ ತೆಗೆದರೆ, ನಡುವಿನ ಹತ್ತು ನಿಮಿಷದಲ್ಲಿ ಸೇರಿಸಿದ ಚಿತ್ರ ಡೇಟಾಬೇಸಿನಲ್ಲಿ ಇರುತ್ತದೆ, ಬಕೆಟ್‌ನಲ್ಲಿ ಇರುವುದಿಲ್ಲ.

ಡಂಪ್‌ಗೆ ಸಿಂಗಲ್-ಟ್ರಾನ್ಸಾಕ್ಷನ್ ಮತ್ತು ಕ್ವಿಕ್ ಆಯ್ಕೆಗಳು, ಅಕ್ಷರ ಸಂಕೇತ ಯುಟಿಎಫ್8ಎಂಬಿ4. ಮೊದಲನೆಯದು ಇನ್ನೋಡಿಬಿ ಮಾದರಿಯ ಕೋಷ್ಟಕಗಳಿಗೆ ಮಾತ್ರ ಒಂದೇ ಕ್ಷಣದ ಚಿತ್ರ ಕೊಡುತ್ತದೆ. ಹಳೆಯ ತಾಣದಲ್ಲಿ ಉಳಿದುಕೊಂಡ ಮೈಐಸ್ಯಾಮ್ ಮಾದರಿಯ ಕೋಷ್ಟಕವಿದ್ದರೆ ಅದನ್ನು ಮೊದಲು ಇನ್ನೋಡಿಬಿಗೆ ಪರಿವರ್ತಿಸಿ. ಪಾಸ್‌ವರ್ಡ್ ಆಜ್ಞೆಯ ಸಾಲಿನಲ್ಲಿ ಬೇಡ, ಬ್ಯಾಕಪ್ ಬಳಕೆದಾರ ಮಾತ್ರ ಓದಬಹುದಾದ ಸೆಟ್ಟಿಂಗ್ ಫೈಲಿನಲ್ಲಿ ಇರಲಿ.

ಡಂಪನ್ನು ಪೈಪ್ ಮೂಲಕ (ಒಂದು ಆಜ್ಞೆಯ ಫಲವನ್ನು ನೇರವಾಗಿ ಇನ್ನೊಂದಕ್ಕೆ ಹರಿಸಿ) ಜಿಜಿಪ್‌ಗೆ ಕೊಡುವ ಸಾಲು ಬಹಳ ಜನರನ್ನು ಮುಳುಗಿಸಿದೆ. ಡೇಟಾಬೇಸ್ ಬಾಗಿಲು ತೆರೆಯದಿದ್ದರೂ ಜಿಜಿಪ್ ತನ್ನ ಪಾಡಿಗೆ 20 ಬೈಟ್‌ನ ಸರಿಯಾದ, ಖಾಲಿ ಫೈಲ್ ಮಾಡುತ್ತದೆ, ಶೆಲ್ ಜಿಜಿಪ್‌ನ ಫಲಿತಾಂಶ ನೋಡಿ "ಎಲ್ಲ ಸರಿ" ಎನ್ನುತ್ತದೆ. ಬ್ಯಾಷ್ ಶೆಲ್‌ನಲ್ಲಿ ಪೈಪ್‌ಫೇಲ್ (ಸರಣಿಯ ಯಾವ ಆಜ್ಞೆ ಸೋತರೂ ಸೋಲೆಂದೇ ಹೇಳುವ ಆಯ್ಕೆ) ಆನ್ ಮಾಡುವುದು ಮೊದಲ ಕಾವಲು. ಎರಡನೆಯದು, ಬಿಚ್ಚಿದ ಡಂಪ್‌ನ ಕೊನೆಯ ಸಾಲಿನಲ್ಲಿ "ಡಂಪ್ ಕಂಪ್ಲೀಟೆಡ್" ಎಂಬ ಟಿಪ್ಪಣಿ ಇದೆಯೇ ಎಂದು ನೋಡುವುದು. ನಡುವೆ ಕಡಿದುಹೋದ ಡಂಪ್‌ನಲ್ಲಿ ಅದು ಇರುವುದಿಲ್ಲ. ಮೂರನೆಯದು ಗಾತ್ರ: ನಿನ್ನೆಗಿಂತ 20 ಶೇಕಡಾ ಕುಗ್ಗಿದ್ದರೆ ಕಳಿಸಬೇಡ, ಕೂಗು. ಮೂರೂ ದಾಟಿದ ಫೈಲ್ ಮಾತ್ರ ಬಕೆಟ್‌ನ ಸ್ಥಿರ ಹೆಸರಿಗೆ ಹೋಗುತ್ತದೆ.

ವರ್ಷನಿಂಗ್ ಇದ್ದ ಮೇಲೆ ಇಷ್ಟು ಕಾವಲು ಯಾಕೆ, ಹಾಳು ಡಂಪ್ ಹೋದರೂ ಹಿಂದಿನದು ಇರುತ್ತದಲ್ಲ ಎನ್ನಬಹುದು. ಇರುತ್ತದೆ, 35 ದಿನ. ಒಳ್ಳೆಯ ಪ್ರತಿಗಳು ರಾತ್ರಿಗೊಂದರಂತೆ ಉದುರುತ್ತಾ 36ನೇ ರಾತ್ರಿಯ ಹೊತ್ತಿಗೆ ಕೊನೆಯದೂ ಹೋಗುತ್ತದೆ, ಉಳಿಸು ಎಂದ 7 ಆವೃತ್ತಿಗಳೂ 20 ಬೈಟ್‌ನವೇ ಆಗಿರುತ್ತವೆ. ಹೆಸರಿನಡಿ 36 ಪ್ರತಿ ಇದೆ ಎಂಬ ಎಣಿಕೆಯಿಂದ ಯಾವ ಧೈರ್ಯವೂ ಬರಬಾರದು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯಲ್ಲಿ ಮುಖ್ಯ ಡೇಟಾಬೇಸ್ ಸರ್ವರ್‌ನ ದತ್ತಾಂಶ ಕೈತಪ್ಪಿನಿಂದ ಅಳಿದಾಗ, ಎಸ್3 ಬಕೆಟ್ ತೆರೆದು ನೋಡಿದರೆ ಬ್ಯಾಕಪ್ ಇರಲೇ ಇಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ 9.6ನೇ ಆವೃತ್ತಿ ಓಡುತ್ತಿದ್ದಲ್ಲಿ ಡಂಪ್ ಉಪಕರಣ 9.2ರದ್ದು, ಪ್ರತಿ ಸಲವೂ ವಿಫಲವಾಗುತ್ತಿತ್ತು. ವಿಫಲವಾಯಿತು ಎಂಬ ಇಮೇಲ್‌ಗಳನ್ನು ಕಳಿಸಿದವರು ಅಸಲಿಯೇ ಎಂದು ನೋಡುವ ಡಿಮಾರ್ಕ್ ತಪಾಸಣೆಯಲ್ಲಿ ಮೇಲ್ ಸರ್ವರ್ ತಿರಸ್ಕರಿಸುತ್ತಿತ್ತು. ಸುಮಾರು ಆರು ಗಂಟೆ ಹಿಂದೆ ಬೇರೆ ಕೆಲಸಕ್ಕೆಂದು ತೆಗೆದಿದ್ದ ಡಿಸ್ಕ್ ಸ್ನ್ಯಾಪ್‌ಶಾಟ್ (ಆ ಕ್ಷಣದ ಪ್ರತಿ) ಅವರನ್ನು ಉಳಿಸಿತು. ಈ ವಿವರಗಳನ್ನೆಲ್ಲ ಕಂಪನಿಯೇ ಬಹಿರಂಗವಾಗಿ ಬರೆದುಕೊಂಡಿದೆ.

ಹಾಗಾಗಿ ಕಾವಲಿನ ನಾಲ್ಕನೆಯ ಭಾಗ ಬೇರೆ ಯಂತ್ರದಲ್ಲಿದೆ. ಅಲ್ಲಿಂದ ದಿನಕ್ಕೊಮ್ಮೆ ಬಕೆಟ್‌ನ ಡಂಪ್ ಹೆಸರನ್ನು ವಿಚಾರಿಸಿ, 26 ಗಂಟೆಗಿಂತ ಹಳೆಯದಾಗಿದ್ದರೆ ಅಥವಾ 150 ಎಂಬಿಗಿಂತ ಚಿಕ್ಕದಾಗಿದ್ದರೆ ಫೋನ್‌ಗೆ ಸಂದೇಶ. ಕಳಿಸುವ ಸರ್ವರ್ ತಾನೇ "ಕಳಿಸಿದೆ" ಎನ್ನುವುದನ್ನು ನಂಬುವಂತಿಲ್ಲ. ಸತ್ತ ಸರ್ವರ್ ದೂರು ಹೇಳುವುದಿಲ್ಲ.

ಫೈಲ್‌ಗಳಿಗೆ ಆರ್‌ಕ್ಲೋನ್ ಉಪಕರಣದ ಸಿಂಕ್, ಅಂದರೆ ಬಕೆಟನ್ನು ಸರ್ವರ್‌ನ ಫೋಲ್ಡರ್‌ಗೆ ಸರಿಹೊಂದಿಸುವ ಆಜ್ಞೆ. ಇದನ್ನೇ ಆರಿಸಲು ಮುಖ್ಯ ಕಾರಣ ಮರಳಿ ತರುವಾಗ ಗೊತ್ತಾಗುತ್ತದೆ. ಸಿಂಕ್‌ಗೆ ಕೊಡಬೇಕಾದ ಆಯ್ಕೆಗಳಲ್ಲಿ ಮೂರು ಮುಖ್ಯ.

ಚೆಕ್‌ಸಮ್ ಆಯ್ಕೆ: ಫೈಲ್‌ನ ಸರಕಿನಿಂದ ಲೆಕ್ಕ ಹಾಕಿದ ಗುರುತನ್ನು ಹೋಲಿಸುವುದು. ಆರ್‌ಕ್ಲೋನ್ ಸಾಮಾನ್ಯವಾಗಿ ಗಾತ್ರ ಮತ್ತು ಮಾರ್ಪಾಟಿನ ಸಮಯ ಹೋಲಿಸುತ್ತದೆ. ಆ ಸಮಯವನ್ನು ಅದು ಎಸ್3ಯಲ್ಲಿ ಫೈಲ್‌ನ ಮೆಟಾಡೇಟಾದೊಳಗೆ ಇಡುವುದರಿಂದ ಪ್ರತಿ ಫೈಲಿಗೂ ಒಂದು ಪ್ರತ್ಯೇಕ ವಿನಂತಿ, ರಾತ್ರಿಗೆ 60,000. ಇದು ಸಣ್ಣ ತೊಂದರೆ. ದೊಡ್ಡದು ಬೇರೆ: ತಾಣವನ್ನು ಹೊಸ ಸರ್ವರ್‌ಗೆ ಸಾಗಿಸುವಾಗ ಸಮಯ ಉಳಿಸಿಕೊಳ್ಳದೆ ನಕಲು ಮಾಡಿದರೆ ಎಲ್ಲ ಫೈಲ್‌ಗಳ ಸಮಯವೂ ಇವತ್ತಿನದಾಗುತ್ತದೆ. ಒಳಗಿನ ಸರಕು ಅದೇ ಎಂದು ಕಂಡುಕೊಂಡ ಆರ್‌ಕ್ಲೋನ್ ಸಮಯವೊಂದನ್ನೇ ತಿದ್ದಲು ಬಕೆಟ್‌ನೊಳಗೇ ಫೈಲನ್ನು ಅದರ ಮೇಲೇ ನಕಲು ಮಾಡುತ್ತದೆ. ವರ್ಷನಿಂಗ್ ಇದ್ದಲ್ಲಿ ಅದೂ ಹೊಸ ಆವೃತ್ತಿಯೇ. ಒಂದೇ ರಾತ್ರಿಯಲ್ಲಿ 14 ಜಿಬಿ 28 ಆಗುತ್ತದೆ, ಯಾವ ಫೈಲ್ ನಿಜವಾಗಿ ಬದಲಾಯಿತು ಎಂಬ ಇತಿಹಾಸವೂ ಕಲಸಿಹೋಗುತ್ತದೆ. ಚೆಕ್‌ಸಮ್ ಕೊಟ್ಟರೆ ಸಮಯವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ; ಬದಲಿಗೆ ರಾತ್ರಿ ಡಿಸ್ಕ್‌ನಿಂದ 14 ಜಿಬಿ ಓದಬೇಕು, ಎಸ್‌ಎಸ್‌ಡಿ ಇರುವ ಸರ್ವರ್‌ಗೆ ಅದು ಹೊರೆಯಲ್ಲ.

ಮ್ಯಾಕ್ಸ್-ಡಿಲೀಟ್ ಆಯ್ಕೆ, ಅಂದರೆ ಒಂದು ಸಲಕ್ಕೆ ಅಳಿಸಬಹುದಾದ ಫೈಲ್‌ಗಳ ಮಿತಿ, 500ಕ್ಕೆ. ಅಪ್‌ಲೋಡ್ಸ್ ಇರುವ ಡಿಸ್ಕ್ ಮೌಂಟ್ ಆಗದೆ (ಜೋಡಣೆಯಾಗದೆ) ಫೋಲ್ಡರ್ ಖಾಲಿ ಕಂಡ ರಾತ್ರಿ, ಸಿಂಕ್ 60,000 ಡಿಲೀಟ್ ಮಾರ್ಕರ್ ಹಾಕಿಬಿಡುತ್ತದೆ. ಸರಕು ಹೋಗುವುದಿಲ್ಲ ನಿಜ, 35 ದಿನದ ಗಡಿಯಾರ ಮಾತ್ರ ಅಷ್ಟಕ್ಕೂ ಓಡಲು ಶುರುವಾಗುತ್ತದೆ.

ಮೂರನೆಯದು ಹೊರಗಿಡುವ ಪಟ್ಟಿ. ಪುಟಗಳ ಕ್ಯಾಷ್ (ತಾತ್ಕಾಲಿಕ ಪ್ರತಿ) ಫೋಲ್ಡರ್ ಗಂಟೆಗೊಮ್ಮೆ ಹುಟ್ಟಿ ಸಾಯುವ ಸಾವಿರಾರು ಫೈಲ್‌ಗಳದ್ದು. ಅದನ್ನು ಒಳಗೆ ಬಿಟ್ಟುಕೊಂಡರೆ ಬಕೆಟ್ ಮಾರ್ಕರ್‌ಗಳ ಗುಡ್ಡೆಯಾಗುತ್ತದೆ. ಬೇರೆ ಬ್ಯಾಕಪ್ ಪ್ಲಗಿನ್‌ಗಳು ಮಾಡಿಟ್ಟ ಜಿಪ್‌ಗಳೂ ಬೇಡ. ಎಲ್ಲಕ್ಕಿಂತ ದುಬಾರಿ ಫೈಲ್ ಯಾರೋ ಮರೆತು ಆನ್ ಬಿಟ್ಟ ಡೀಬಗ್ ಲಾಗ್: 2 ಜಿಬಿಗೆ ಬೆಳೆದಿದ್ದರೆ ದಿನಕ್ಕೆ ಹತ್ತು ಸಾಲು ಸೇರಿದರೂ ಪ್ರತಿ ರಾತ್ರಿ 2 ಜಿಬಿಯ ಹೊಸ ಪ್ರತಿ. ತಿಂಗಳು ದಾಟುವಷ್ಟರಲ್ಲಿ ಇಡೀ ತಾಣದ ಐದು ಪಟ್ಟು ಜಾಗ ಅದೊಂದೇ ತಿಂದಿರುತ್ತದೆ.

ವರ್ಡ್‌ಪ್ರೆಸ್‌ನ ಮೂಲ ಫೈಲ್‌ಗಳು ಎಲ್ಲಿಂದಲಾದರೂ ಮತ್ತೆ ಸಿಗುತ್ತವೆ. ಆದರೂ ಅವೂ ಹೋಗಲಿ. ಕಾರಣ ಈಗ ಬರುತ್ತದೆ. ಎಂಜಿನ್‌ಎಕ್ಸ್ (ವೆಬ್ ಸರ್ವರ್) ಮತ್ತು ಪಿಎಚ್‌ಪಿಯ (ವರ್ಡ್‌ಪ್ರೆಸ್ ಬರೆದಿರುವ ಭಾಷೆ) ಸೆಟ್ಟಿಂಗ್, ಕ್ರಾನ್ ಪಟ್ಟಿ, ವರ್ಡ್‌ಪ್ರೆಸ್ ಕಾನ್ಫಿಗ್ ಫೈಲ್ ಇವು ಕೆಲವೇ ಕೆಬಿ, ಮರೆತರೆ ಅರ್ಧ ದಿನ ತಿನ್ನುತ್ತವೆ.

ಕೀಲಿ ಯಾರ ಕೈಯಲ್ಲಿ

ಸರ್ವರ್‌ಗೆ ಹೊಕ್ಕವನಿಗೆ ಬಕೆಟ್ ತಲುಪಿಸುವ ಬ್ಯಾಕಪ್ ಕೀಲಿಯೂ ಸಿಗುತ್ತದೆ ಎಂದೇ ಲೆಕ್ಕ ಹಾಕಬೇಕು. ಅದಕ್ಕೆ ಸರ್ವರ್‌ನಲ್ಲಿರುವ ಕೀಲಿಗೆ ಬ್ಯಾಕಪ್ ಬಕೆಟ್‌ಗಳ ಮೇಲೆ ಪಟ್ಟಿ ನೋಡುವ, ಬರೆಯುವ, ಈಗಿನ ಆವೃತ್ತಿ ಓದುವ, ಅರ್ಧಕ್ಕೆ ನಿಂತ ಅಪ್‌ಲೋಡ್ ರದ್ದು ಮಾಡುವ ಮತ್ತು ಸಾದಾ ಡಿಲೀಟ್ ಮಾಡುವ ಅನುಮತಿ ಮಾತ್ರ. ಸಾದಾ ಡಿಲೀಟ್ ಎಂದರೆ ಮಾರ್ಕರ್ ಇಡುವುದಷ್ಟೆ. ಆವೃತ್ತಿ ಅಳಿಸುವುದು, ವರ್ಷನಿಂಗ್ ಸ್ಥಿತಿ ಬದಲಿಸುವುದು, ಲೈಫ್‌ಸೈಕಲ್ ನಿಯಮ ಮುಟ್ಟುವುದು ಈ ಮೂರರ ಅನುಮತಿ ಆ ಕೀಲಿಗೆ ಇಲ್ಲ. ಬಕೆಟ್ ಸೃಷ್ಟಿಸುವ ಹಕ್ಕೂ ಇಲ್ಲದ್ದರಿಂದ ಆರ್‌ಕ್ಲೋನ್‌ಗೆ "ಬಕೆಟ್ ಇದೆಯೇ ಎಂದು ಪರೀಕ್ಷಿಸಬೇಡ" ಎಂಬ ಆಯ್ಕೆ ಕೊಡಬೇಕು. ಇಲ್ಲವಾದರೆ ಮೊದಲ ರಾತ್ರಿಯೇ ಪ್ರವೇಶ ನಿರಾಕರಣೆಯ ದೋಷ ಬಂದು ನಿಲ್ಲಬಹುದು. ಹಳೆಯ ಆವೃತ್ತಿ ಓದುವ ಇನ್ನೊಂದು ಕೀಲಿ ನಿರ್ವಾಹಕರ ಲ್ಯಾಪ್‌ಟಾಪ್‌ನಲ್ಲಿ.

ಲೈಫ್‌ಸೈಕಲ್ ಅನುಮತಿ ಅಷ್ಟೇನು ಅಪಾಯ ಎನಿಸಬಹುದು. 2025ರ ಜನವರಿಯಲ್ಲಿ ಹ್ಯಾಲ್ಸಿಯನ್ ಎಂಬ ಭದ್ರತಾ ಸಂಸ್ಥೆ ವರದಿ ಮಾಡಿದ ಸುಲಿಗೆ ಪ್ರಕರಣಗಳಲ್ಲಿ ದಾಳಿಕೋರರು ಕದ್ದ ಕೀಲಿಯಿಂದ ಫೈಲ್‌ಗಳನ್ನು ತಮ್ಮದೇ ಗೂಢಲಿಪಿ ಕೀಲಿ ಹಾಕಿ ಮರುಬರೆದು, ಏಳು ದಿನದಲ್ಲಿ ಅಳಿಸುವ ಲೈಫ್‌ಸೈಕಲ್ ನಿಯಮ ಹಾಕಿದ್ದರು. ಅದಕ್ಕೂ ಮೊದಲು 2014ರ ಜೂನ್‌ನಲ್ಲಿ ಕೋಡ್ ಸ್ಪೇಸಸ್ ಎಂಬ ಕಂಪನಿಯ ಅಮೆಜಾನ್ ನಿಯಂತ್ರಣ ಫಲಕಕ್ಕೇ ನುಗ್ಗಿದವನು ಬಕೆಟ್‌ಗಳನ್ನೂ ಡಿಸ್ಕ್ ಸ್ನ್ಯಾಪ್‌ಶಾಟ್‌ಗಳನ್ನೂ ಅಳಿಸಿದ. ತಾಣವೂ ಬ್ಯಾಕಪ್ಪೂ ಒಂದೇ ಖಾತೆಯಲ್ಲಿದ್ದವು, ಕಂಪನಿ ಮುಚ್ಚಿತು. ಬಕೆಟ್ ಬೇರೆ ಖಾತೆಯಲ್ಲಿ ಇರಬೇಕು ಎನ್ನಲು ಇದಕ್ಕಿಂತ ಬೇರೆ ವಾದ ಬೇಕಿಲ್ಲ.

ಇದಕ್ಕೂ ಮೇಲಿನ ಬೀಗಗಳು ಎರಡು. ಎಂಎಫ್‌ಎ ಡಿಲೀಟ್ (ಆವೃತ್ತಿ ಅಳಿಸಲು ಎರಡನೆಯ ಸಾಧನದ ಸಂಕೇತವೂ ಬೇಕೆನ್ನುವ ಬೀಗ) ಎಂಬುದನ್ನು ರೂಟ್ ಬಳಕೆದಾರ, ಅಂದರೆ ಖಾತೆಯ ಒಡೆಯ, ಮಾತ್ರ ಆನ್ ಮಾಡಬಹುದು, ಮತ್ತು ಅದು ಲೈಫ್‌ಸೈಕಲ್ ನಿಯಮಗಳ ಜೊತೆ ಬಾಳುವುದಿಲ್ಲ. ಹಳೆಯದನ್ನು ತಾನಾಗಿ ಕಳೆಯುವ ಈ ವ್ಯವಸ್ಥೆಗೆ ಆಗದು. ಆಬ್ಜೆಕ್ಟ್ ಲಾಕ್, ಅಂದರೆ ಗೊತ್ತಾದ ಅವಧಿಗೆ ಆವೃತ್ತಿ ಅಳಿಸದಂತೆ ಹಾಕುವ ಬೀಗ, ಇದಕ್ಕೆ ಒಗ್ಗುತ್ತದೆ. ಆದರೆ ಅದರ ಅವಧಿ ಆವೃತ್ತಿ ಹುಟ್ಟಿದ ದಿನದಿಂದ ಎಣಿಕೆಯಾಗುತ್ತದೆ. ದಿನಾ ಹೊಸದಾಗುವ ಡಂಪ್‌ಗೆ 30 ದಿನದ ಲಾಕ್ ಸದಾ ಜೀವಂತ. ಮೂರು ವರ್ಷದ ಹಿಂದೆ ಒಮ್ಮೆ ಹಾಕಿ ಮತ್ತೆ ಮುಟ್ಟದ ಚಿತ್ರದ ಲಾಕ್ ಯಾವತ್ತೋ ಮುಗಿದಿರುತ್ತದೆ. ಲಾಕ್ ಇದೆ ಎಂದು ನೆಮ್ಮದಿಯಿಂದ ಇರುವ ಎಷ್ಟೋ ಜನರಿಗೆ ಇದು ಹೊಳೆದಿರುವುದಿಲ್ಲ. ಇಲ್ಲಿ ಡಂಪ್‌ಗೆ ಬೇರೆ ಬಕೆಟ್, ಅದಕ್ಕೆ ಗವರ್ನೆನ್ಸ್ ಮೋಡ್‌ನಲ್ಲಿ (ವಿಶೇಷ ಅನುಮತಿ ಇದ್ದವರು ತೆಗೆಯಬಹುದಾದ ಬೀಗ) 30 ದಿನ. ಚಿತ್ರಗಳಿಗೆ ಅನುಮತಿಯ ಗೋಡೆಯೇ ರಕ್ಷಣೆ. ಕಂಪ್ಲಯನ್ಸ್ ಮೋಡ್‌ಗೆ ಕೈ ಹಾಕುವ ಮುನ್ನ ಸಂಖ್ಯೆ ಎರಡು ಸಲ ಓದಿ: 30ರ ಬದಲು 3000 ಎಂದು ಬಿದ್ದರೆ ರೂಟ್ ಕೂಡ ಏನೂ ಮಾಡಲಾರ.

21ನೇ ತಾರೀಖು

ಈಗ ಪ್ರಸಂಗ. 21ನೇ ತಾರೀಖು ಓದುಗರೊಬ್ಬರು, ಗೂಗಲ್‌ನಿಂದ ಬಂದವರಿಗೆ ತಾಣ ಜೂಜಿನ ಪುಟ ತೋರಿಸುತ್ತಿದೆ ಎಂದು ತಿಳಿಸುತ್ತಾರೆ. ನೇರ ವಿಳಾಸ ಹೊಡೆದು ಬರುವ ಸಂಪಾದಕರಿಗೆ ಏನೂ ಕಾಣುತ್ತಿರಲಿಲ್ಲ. ಇಂಥ ಕೇಡುಗಳು ಹೀಗೇ ಮುಖ ನೋಡಿ ಮಣೆ ಹಾಕುತ್ತವೆ.

ಮೊದಲ ಕೆಲಸ ಮರಳಿ ತರುವುದಲ್ಲ. ಕ್ರಾನ್ ನಿಲ್ಲಿಸಿ, ಲೈಫ್‌ಸೈಕಲ್ ನಿಯಮಗಳನ್ನು ತಾತ್ಕಾಲಿಕವಾಗಿ ನಿಷ್ಕ್ರಿಯಗೊಳಿಸಿ. ತನಿಖೆ ಒಂದು ವಾರ ಹಿಡಿದರೆ ಆ ವಾರದಲ್ಲಿ ಏಳು ಹಳೆಯ ಡಂಪ್ ಉದುರಬಾರದು.

ಎರಡನೆಯದು ಬಕೆಟ್‌ನಿಂದ ಎಲ್ಲ ಆವೃತ್ತಿಗಳ ಪಟ್ಟಿ ತೆಗೆಯುವುದು: ಹೆಸರು, ವರ್ಷನ್ ಐಡಿ, ಸಮಯ, ಗಾತ್ರ. ಮಾಮೂಲಿ ಪಟ್ಟಿ ಆಜ್ಞೆ ಈಗಿನ ಆವೃತ್ತಿಯನ್ನಷ್ಟೇ ತೋರಿಸುತ್ತದೆ, ಆವೃತ್ತಿಗಳನ್ನು ಪಟ್ಟಿ ಮಾಡುವ ಆಜ್ಞೆ ಬೇರೆ. ಆ ಪಟ್ಟಿಯಲ್ಲಿ ಎರಡನ್ನು ಹುಡುಕಿ. ಅಪ್‌ಲೋಡ್ಸ್ ಅಡಿಯಲ್ಲಿ ಪಿಎಚ್‌ಪಿ ಎಂದು ಕೊನೆಗೊಳ್ಳುವ ಯಾವುದೇ ಫೈಲ್: ಚಿತ್ರಗಳ ಜಾಗದಲ್ಲಿ ಅದಕ್ಕೆ ಕೆಲಸವಿಲ್ಲ, ಕೆಲವು ಪ್ಲಗಿನ್‌ಗಳು ಇಡುವ ಖಾಲಿ ಇಂಡೆಕ್ಸ್ ಫೈಲ್ ಬಿಟ್ಟು. ಮತ್ತು ವರ್ಡ್‌ಪ್ರೆಸ್ ಮೂಲ ಫೈಲ್, ಪ್ಲಗಿನ್, ಥೀಮ್‌ಗಳಲ್ಲಿ ಅಪ್‌ಡೇಟ್ ಏನೂ ಹಾಕದ ದಿನ ಒಂಟಿಯಾಗಿ ಹೊಸ ಆವೃತ್ತಿ ಪಡೆದದ್ದು. ಅಪ್‌ಡೇಟ್ ಆದ ದಿನ ನೂರಾರು ಫೈಲ್ ಒಟ್ಟಿಗೆ ಬದಲಾಗಿರುತ್ತವೆ. ಕಳ್ಳ ಕೈ ಆಡಿದ ದಿನ ಎರಡೋ ಮೂರೋ. ಇಲ್ಲಿ ಅಪ್‌ಲೋಡ್ಸ್‌ನೊಳಗಿನ ಒಂದು ಪಿಎಚ್‌ಪಿ ಫೈಲ್‌ನ ಮೊದಲ ಆವೃತ್ತಿ 9ರ ನಸುಕಿನದು, ಥೀಮ್‌ನ ಫಂಕ್ಷನ್ಸ್ ಫೈಲ್‌ನ ಹೊಸ ಆವೃತ್ತಿಯೂ ಅದೇ ರಾತ್ರಿಯದು. ಸರ್ವರ್‌ನಲ್ಲಿ ಫೈಲ್‌ನ ದಿನಾಂಕವನ್ನು ದಾಳಿಕೋರ ಹಿಂದಕ್ಕೆ ತಿದ್ದಬಹುದು. ಬಕೆಟ್ ಬರೆದ ಸಮಯವನ್ನು ಅವನು ತಿದ್ದಲಾರ. ಮೂಲ ಫೈಲ್‌ಗಳನ್ನೂ ಕಳಿಸಿ ಎಂದದ್ದು ಇದಕ್ಕೇ.

ಸಮಯ ಓದುವಾಗ ಎಚ್ಚರ. ಆವೃತ್ತಿಗಳ ಪಟ್ಟಿಯಲ್ಲಿ ಅಮೆಜಾನ್‌ನ ಆಜ್ಞಾ ಉಪಕರಣ ಕೊಡುವುದು ಯುಟಿಸಿ. ನಮ್ಮ 9ನೇ ತಾರೀಖು ನಸುಕಿನ 2.10 ಅಲ್ಲಿ 8ರ ರಾತ್ರಿ 20.40. ಒಂದು ದಿನ ತಪ್ಪಿದರೆ ಕೆಟ್ಟ ಪ್ರತಿಯನ್ನೇ ಒಳ್ಳೆಯದೆಂದು ತಂದುಕೊಂಡ ಹಾಗೆ.

ಮೂರನೆಯದು ತೀರ್ಮಾನ, ಹೆಚ್ಚಿನವರು ಎಡವುವುದು ಇಲ್ಲೇ: ಇಡೀ ತಾಣವನ್ನು 8ನೇ ತಾರೀಖಿಗೆ ಹಿಂತಿರುಗಿಸಿಬಿಡೋಣ ಎನ್ನುತ್ತಾರೆ. 9ರಿಂದ 21ರವರೆಗಿನ ಲೇಖನಗಳು, ಚಿತ್ರಗಳು, ಪ್ರತಿಕ್ರಿಯೆಗಳು? ಬಿಡಿ ಫೈಲ್‌ಗಳ ವರ್ಷನಿಂಗ್ ಕೊಡುವ ಲಾಭವೇ ಭಾಗ ಭಾಗಕ್ಕೆ ಬೇರೆ ದಿನಾಂಕ ಆರಿಸಿಕೊಳ್ಳುವುದು. ವರ್ಡ್‌ಪ್ರೆಸ್ ಮತ್ತು ಪ್ಲಗಿನ್‌ಗಳನ್ನು ಬ್ಯಾಕಪ್‌ನಿಂದ ತರಲೇಬೇಡಿ, ಅಧಿಕೃತ ಮೂಲದಿಂದ ಹೊಸದಾಗಿ ಹಾಕಿ. 8ನೇ ತಾರೀಖಿನ ಪ್ಲಗಿನ್‌ನಲ್ಲಿ ಅವನು ಒಳಬಂದ ಕಿಂಡಿ ಹಾಗೇ ಇರುತ್ತದೆ. ಸ್ವಂತ ಥೀಮ್ 8ರ ಆವೃತ್ತಿಯಿಂದ. ಅಪ್‌ಲೋಡ್ಸ್ ಈಗಿನದೇ, ಪಿಎಚ್‌ಪಿ ಫೈಲ್‌ಗಳನ್ನು ಕಿತ್ತು. ಡೇಟಾಬೇಸ್ ಕೂಡ ಈಗಿನದೇ, ಆದರೆ 8ರ ಡಂಪನ್ನು ಪಕ್ಕದಲ್ಲಿ ಬಿಚ್ಚಿ ಮೂರು ಕೋಷ್ಟಕ ಹೋಲಿಸಿ: ಬಳಕೆದಾರರು, ಅವರ ಅಧಿಕಾರ, ಆಯ್ಕೆಗಳು. ಹೊಸ ಅಡ್ಮಿನ್ ಖಾತೆ, ಬದಲಾದ ತಾಣ ವಿಳಾಸ, ವರ್ಡ್‌ಪ್ರೆಸ್‌ನ ಒಳ ಕ್ರಾನ್‌ಗೆ ಸೇರಿದ ಅಪರಿಚಿತ ಕೆಲಸ ಸಿಗುವುದು ಅಲ್ಲಿ. ಲೇಖನಗಳ ಕೋಷ್ಟಕದಲ್ಲಿ ಸ್ಕ್ರಿಪ್ಟ್ ಟ್ಯಾಗ್‌ಗೂ ಒಂದು ಹುಡುಕಾಟ.

ಥೀಮ್ ತರುವಾಗ ಆರ್‌ಕ್ಲೋನ್‌ನ ವರ್ಷನ್-ಆ್ಯಟ್ ಆಯ್ಕೆಗೆ 8ನೇ ತಾರೀಖು ನಸುಕಿನ 4 ಗಂಟೆ ಎಂದು ಕೊಟ್ಟರೆ ಆ ಕ್ಷಣದಲ್ಲಿ ಬಕೆಟ್ ಹೇಗಿತ್ತೋ ಹಾಗೆ ಕಾಣುತ್ತದೆ: ಆಗ ಅಳಿದಿದ್ದ ಫೈಲ್ ಇರುವುದಿಲ್ಲ, ಆಮೇಲೆ ಹುಟ್ಟಿದ್ದೂ ಇರುವುದಿಲ್ಲ. ಸಾವಿರಾರು ಫೈಲ್‌ಗಳ ವರ್ಷನ್ ಐಡಿ ಒಂದೊಂದಾಗಿ ಹೆಕ್ಕುವ ಕೆಲಸ ತಪ್ಪುತ್ತದೆ. ಈ ಆಯ್ಕೆ ಇದ್ದಾಗ ಬರೆಯುವ ಕೆಲಸ ನಡೆಯುವುದಿಲ್ಲ, ಅದು ಒಳ್ಳೆಯದೇ. ಕೊಡುವ ಗಂಟೆ ಆ ರಾತ್ರಿಯ ಸಿಂಕ್ ಪೂರ್ತಿ ಮುಗಿದ ನಂತರದ್ದಾಗಿರಬೇಕು. ನಡುವಿನ ಕ್ಷಣ ಕೊಟ್ಟರೆ ಅರ್ಧ ಹೊಸದು, ಅರ್ಧ ಹಳೆಯದು ಸಿಗುತ್ತದೆ.

ಇಡೀ ಸರ್ವರ್ ಕಳೆದುಹೋಗಿ 14 ಜಿಬಿಯನ್ನೂ ತರಬೇಕಾದರೆ 100 ಎಂಬಿಪಿಎಸ್ ಸಂಪರ್ಕದಲ್ಲಿ ಲೆಕ್ಕಕ್ಕೆ 19 ನಿಮಿಷ. ಸಣ್ಣ ಫೈಲ್‌ಗಳಿಂದಾಗಿ ವಾಸ್ತವದಲ್ಲಿ ಹೆಚ್ಚೇ ಹಿಡಿಯುತ್ತದೆ, ಒಟ್ಟಿಗೆ 32 ಫೈಲ್ ಇಳಿಸಿಕೊಂಡರೆ ತಕ್ಕಮಟ್ಟಿಗೆ ಸರಿಹೋಗುತ್ತದೆ. ಹೊರಗೆ ಕಳಿಸುವ ದತ್ತಾಂಶಕ್ಕೆ ಅಮೆಜಾನ್ ತಿಂಗಳಿಗೆ 100 ಜಿಬಿವರೆಗೆ ಶುಲ್ಕ ಹಾಕುವುದಿಲ್ಲವಾದ್ದರಿಂದ ಇದಕ್ಕೆ ಖರ್ಚಿಲ್ಲ.

ಡಂಪ್ ಬಿಚ್ಚುವಾಗ ಮೊದಲ ಸಾಲಿನಲ್ಲೇ ಅರ್ಥವಾಗದ ಆಜ್ಞೆ ಎಂದು ದೋಷ ಬಂದರೆ ಡಂಪ್ ಕೆಟ್ಟಿದೆ ಎಂದುಕೊಳ್ಳಬೇಡಿ. 2024ರ ಮೇ ನಂತರದ ಮರಿಯಾಡಿಬಿ ಆವೃತ್ತಿಗಳು ಡಂಪ್‌ನ ತಲೆಯಲ್ಲಿ ಸ್ಯಾಂಡ್‌ಬಾಕ್ಸ್ ಮೋಡ್‌ನ ಒಂದು ಸಾಲು ಬರೆಯುತ್ತವೆ; ಹಳೆಯ ಉಪಕರಣಕ್ಕೆ ಅಥವಾ ಮೈಎಸ್‌ಕ್ಯೂಎಲ್‌ನದಕ್ಕೆ ಅದು ತಿಳಿಯದು. ಆ ಸಾಲು ತೆಗೆದರೆ ಸಾಕು.

ಕನ್ನಡ ತಾಣಕ್ಕೇ ಇರುವ ಎರಡು ತೊಡಕುಗಳಿವೆ. ಬಹಳ ಹಿಂದೆ ಶುರುವಾದ ತಾಣಗಳಲ್ಲಿ ಕೋಷ್ಟಕದ ಅಕ್ಷರ ಸಂಕೇತ ಲ್ಯಾಟಿನ್1 ಎಂದಿದ್ದು ಒಳಗೆ ಯುಟಿಎಫ್8 ಅಕ್ಷರ ತುಂಬಿರುವುದುಂಟು. ಹಳೆಯ ಸಂಪರ್ಕದಲ್ಲಿ ಸರಿಯಾಗಿ ಕಾಣುತ್ತಿದ್ದ ಬರಹ ಹೊಸ ಸರ್ವರ್‌ನಲ್ಲಿ ವಿಚಿತ್ರ ಚಿಹ್ನೆಗಳ ಸಾಲಾಗುತ್ತದೆ. ಆದ್ದರಿಂದ ಪರೀಕ್ಷೆಗೆ ಮುಖಪುಟ ತೆರೆದರೆ ಸಾಲದು, ಅತ್ಯಂತ ಹಳೆಯ ಹತ್ತು ಲೇಖನ ತೆರೆಯಬೇಕು. ಇನ್ನೊಂದು, ಕನ್ನಡದಲ್ಲೇ ಹೆಸರಿಟ್ಟ ಚಿತ್ರಗಳು. ಯುನಿಕೋಡ್‌ನಲ್ಲಿ ೀ, ೇ, ೈ, ೊ, ೋ ಸ್ವರಚಿಹ್ನೆಗಳನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಒಡೆದೂ ಬರೆಯಬಹುದು. ಹಳೆಯ ಎಚ್‌ಎಫ್‌ಎಸ್ ಪ್ಲಸ್ ಮಾದರಿಯ ಮ್ಯಾಕ್ ಡಿಸ್ಕ್ ಹೆಸರನ್ನು ಒಡೆದು ಇಡುತ್ತದೆ. ಫೈಲ್‌ಗಳನ್ನು ಅಂಥ ಡಿಸ್ಕ್ ಮೇಲೆ ಇಳಿಸಿ ಅಲ್ಲಿಂದ ಸರ್ವರ್‌ಗೆ ಏರಿಸಿದರೆ "ಜೋಗ" ಎಂಬ ಫೈಲ್ ಕಣ್ಣಿಗೆ "ಜೋಗ"ವೇ, ಲಿನಕ್ಸ್‌ಗೆ ಬೇರೆ ಹೆಸರು. ಪುಟದಲ್ಲಿ ಚಿತ್ರದ ಜಾಗ ಖಾಲಿ. ಬಕೆಟ್‌ನಿಂದ ನೇರವಾಗಿ ಲಿನಕ್ಸ್ ಸರ್ವರ್‌ಗೇ ಇಳಿಸಿ.

ತಾಣ ನಿಂತ ಮೇಲೆ ಡೇಟಾಬೇಸ್ ಪಾಸ್‌ವರ್ಡ್, ವರ್ಡ್‌ಪ್ರೆಸ್‌ನ ಸಾಲ್ಟ್‌ಗಳು (ಲಾಗಿನ್ ಭದ್ರಪಡಿಸುವ ಗುಪ್ತ ಪದಗಳು), ಅಡ್ಮಿನ್ ಪಾಸ್‌ವರ್ಡ್‌ಗಳು ಮತ್ತು ಬ್ಯಾಕಪ್ ಕೀಲಿ ಎಲ್ಲವನ್ನೂ ಬದಲಿಸಿ. ಮೂಲ ಫೈಲ್‌ಗಳ ಚೆಕ್‌ಸಮ್ ಪರೀಕ್ಷೆಯನ್ನು ಡಬ್ಲ್ಯೂಪಿ-ಸಿಎಲ್‌ಐ ಉಪಕರಣದಿಂದ ಓಡಿಸಿ. ಆಮೇಲೆ ಕ್ರಾನ್ ಆನ್, ಮೊದಲ ರಾತ್ರಿಯ ಸಿಂಕ್ ಮುಗಿದ ಮೇಲೆ ಮತ್ತೊಮ್ಮೆ ಆವೃತ್ತಿಗಳ ಪಟ್ಟಿ. ಅಪ್‌ಲೋಡ್ಸ್‌ನ ಪಿಎಚ್‌ಪಿ ಫೈಲ್‌ಗಳ ಮೇಲೆಲ್ಲ ಡಿಲೀಟ್ ಮಾರ್ಕರ್ ಬಿದ್ದಿರಬೇಕು, ಹೊಸದು ಒಂದೂ ಹುಟ್ಟಿರಬಾರದು. ಒಂದು ವಾರ ಹೀಗೆ ನೋಡಿ, ಆಮೇಲಷ್ಟೇ ಲೈಫ್‌ಸೈಕಲ್ ನಿಯಮಗಳನ್ನು ಮತ್ತೆ ಆನ್ ಮಾಡಿ.